ಕಾದಂಬರೀಕಾರ ಗಳಗನಾಥರು

ಬಾಣಭಟ್ಟನು ತನ್ನ ಗಂಧರ್ವಕನ್ಯೆಗೆ ಕಾದಂಬರಿಯೆಂದು ಹೆಸರಿಟ್ಟಾಗ, ಆ ಹೆಸರು ಸಾವಿರದಿನ್ನೂರು ವರ್ಷಗಳ ತರುವಾಯ ಒಂದು ಗ್ರಂಥಜಾತಿಗೇ ಸಲ್ಲುವದೆಂದು ಕನಸಿನಲ್ಲಿಯೂ ಎಣಿಸಿರಲಾರನು. ಆಲಂಕಾರಿಕರು ಗದ್ಯಪ್ರಬಂಧವನ್ನು ಕಥೆ, ಆಖ್ಯಾಯಿಕೆ ಎಂದು ಎರಡಾಗಿ ವಿಂಗಡಿಸಿ, ಹರ್ಷಚರಿತವನ್ನು ಆಖ್ಯಾಯಿಕೆಯಲ್ಲಿಯೂ ಕಾದಂಬರಿಯನ್ನು ಕಥೆಯಲ್ಲಿಯೂ ಸೇರಿಸಿ ಸುಮ್ಮನಾದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರ ನಾವೆಲ್ಲು ಭರತಖಂಡಕ್ಕೆ ಬಂದಾಗ ಅದಕ್ಕೊಂದು ದೇಶೀಯ ಹೆಸರು ಬೇಕಾಯಿತು. ಬಂಗಾಲಿಗಳೂ ಹಿಂದೀ ಜನರೂ ಉಪನ್ಯಾಸ ಅಂದರು. ಗುಜರಾಥದವರು ನವಲಕಥೆ ಅಂದರು. ಮಹಾರಾಷ್ಟ್ರದವರು ಮಾತ್ರ ಬಾಣನ ನಾಯಿಕೆಯನ್ನೇ ಕರೆತಂದು ಅವಳ ಹೆಸರನ್ನು ಸಾಮಾನ್ಯನಾಮ ಮಾಡಿದರು. ಕನ್ನಡಿಗರಿಗೆ ಉಪನ್ಯಾಸವೆಂದರೆ ಸಭೆಯಲ್ಲಿ ನಿಂತು ಮಾಡುವ ಭಾಷಣ. ಕಾಶಿಗೆ ಹೋದ ಕನ್ನಡಿಗನು ಅಲ್ಲಿಯ ಪುಸ್ತಕದಂಗಡಿಯಲ್ಲಿ ಉಪನ್ಯಾಸಗಳ ರಾಶಿಯನ್ನು ಕಂಡು, ಈ ಊರಿನವರಿಗೆ ಭಾಷಣ ಓದುವ ಹುಚ್ಚು ಇಷ್ಟೇಕೆಂದು ಬೆರಗಾದರೆ ಅವನ ತಪ್ಪಲ್ಲ.

ಬಾಣನ ಕಾದಂಬರಿಯು ಕನ್ನಡಕ್ಕೆ ಹೊಸದೇನೂ ಅಲ್ಲ. ನಾಗವರ್ಮನು ಅದನ್ನು ಚಂಪೂರೂಪದಿಂದ ಕನ್ನಡಿಸಿ ಎಷ್ಟೋ ಶತಮಾನಗಳು ಸಂದಿದ್ದವು. ಆದರೂ ಹೊಸ ಅರ್ಥದ ಕಾದಂಬರಿ ಎಂಬ ಶಬ್ದವು ಧಾರವಾಡ ಬೆಳಗಾವಿಗಳಿಗೆ ಬಂದದ್ದು ನಾಗವರ್ಮನ ಮನೆಯಿಂದಲ್ಲ, ಪುಣೆಯ ದಾರಿಯಿಂದ. ಮನೆಯ ವಸ್ತುವು ನೆರೆಮನೆಯನ್ನು ಸುತ್ತಿ ಮನೆಗೆ ಬಂದಂತಾಯಿತು. ಈ ಸುತ್ತುದಾರಿಯನ್ನು ತಿಳಿಯದೆ ಗಳಗನಾಥರ ಕೆಲಸದ ಬೆಲೆಯು ತಿಳಿಯಲಾರದು.

1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಇಂಗ್ಲಿಷರ ಆಳಿಕೆ ನೆಲೆಗೊಂಡಾಗ, ಧಾರವಾಡ ಬೆಳಗಾವಿ ಸೀಮೆಗಳು ಮುಂಬಯಿ ಇಲಾಖೆಯ ಕೊನೆಯಂಚಿಗೆ ಬಿದ್ದವು. ಕಚೇರಿಯ ದಫ್ತರ ಮೋಡಿಯಲ್ಲಿ. ಸಾಲೆಯ ಪಾಠ ಬಹಳ ಕಡೆಗಳಲ್ಲಿ ಮರಾಠಿಯಲ್ಲಿ. ಪುರಾಣ ಹೇಳುವದು ಮರಾಠಿ ಪೋಥಿಯಿಂದ. ಮನೆಯೊಳಗೆ ಕನ್ನಡವಾಡುವ ಗೃಹಸ್ಥನು ಪತ್ರ ಬರೆಯಬೇಕಾದರೆ ಮರಾಠಿಯನ್ನು ಹಿಡಿಯುತ್ತಿದ್ದನು. ಕನ್ನಡದಲ್ಲಿ ಬರೆಯುವದು ಅವನಿಗೆ ಹೆಂಗಸರ ಕೆಲಸದಂತೆ ತೋರುತ್ತಿತ್ತು. ಗೋಕಾಕ ಸೀಮೆಯ ಕಲ್ಲೋಳಿಯಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, ಹದಿಮೂರನೆಯ ಶತಮಾನದ ಆರಂಭದ ಶಾಸನವು ಅಚ್ಚಗನ್ನಡದ ಹೆಮ್ಮೆಯಿಂದ ನಿಂತಿದ್ದರೂ, ಅದೇ ಸೀಮೆಯ ಓದುಬಲ್ಲವರು ಆ ಲಿಪಿಯನ್ನು ಕಲ್ಲಿನ ಮೇಲಿನ ಗೀರುಗಳೆಂದು ದಾಟಿಹೋಗುವ ಕಾಲ ಬಂದಿತ್ತು. ಮರಾಠಿಯ ಮೊದಲನೆಯ ಕಾದಂಬರಿಯೆಂದು ಹೆಸರಾದ ‘ಯಮುನಾಪರ್ಯಟನ’ವನ್ನು 1857ರಲ್ಲಿ ಬರೆದ ಬಾಬಾ ಪದಮನಜಿಯವರು ಹುಟ್ಟಿದ್ದು ಬೆಳಗಾವಿಯಲ್ಲಿ ಎಂಬದನ್ನು ನೆನೆದರೆ, ಈ ಪ್ರಾಂತದ ಬುದ್ಧಿಯು ಆಗ ಯಾವ ದಿಕ್ಕಿಗೆ ಹರಿಯುತ್ತಿತ್ತೆಂಬದು ಗೊತ್ತಾಗುವದು.

ಈ ಪ್ರವಾಹಕ್ಕೆ ಮೊದಲು ಒಡ್ಡು ಕಟ್ಟಿದವರು ವಿದ್ಯಾಖಾತೆಯ ಅಧಿಕಾರಿಗಳು. ಡೆಪ್ಯುಟಿ ಚನ್ನಬಸಪ್ಪನವರು ಊರೂರಿಗೆ ಕನ್ನಡ ಸಾಲೆಗಳನ್ನು ತೆರೆಯಿಸಿದರು. ಇಂಗ್ಲಿಷರಾದ ರಸೆಲ್ ಸಾಹೇಬರು ಕನ್ನಡದ ಪಕ್ಷವನ್ನು ಹಿಡಿದರು. ಧಾರವಾಡದ ಟ್ರೇನಿಂಗ ಕಾಲೇಜಿನಿಂದ ಕನ್ನಡ ಮಾಸ್ತರರು ಹೊರಬೀಳತೊಡಗಿದರು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಿಂದ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1896ರಿಂದ ಅದರ ‘ವಾಗ್ಭೂಷಣ’ ಪತ್ರಿಕೆ ನಡೆಯಿತು. ಸಂಘವು ಒಳ್ಳೆಯ ಗ್ರಂಥಗಳಿಗೆ ಬಹುಮಾನ ಕೊಡುವ ಪದ್ಧತಿಯನ್ನಿಟ್ಟಿತು. ಸಾಲೆಗಳಾದವು, ಮಾಸ್ತರರಾದರು, ಸಂಘವಾಯಿತು. ಆದರೆ ಸಾಲೆ ಬಿಟ್ಟ ಹುಡುಗನು ಮನೆಯಲ್ಲಿ ಕುಳಿತು ಸಂತೋಷದಿಂದ ಓದುವದೇನು? ಪಠ್ಯಪುಸ್ತಕವನ್ನು ಯಾರೂ ಎರಡನೆಯ ಸಲ ಓದುವದಿಲ್ಲ. ಓದುವ ಚಟ ಹತ್ತಿಸುವ ಪುಸ್ತಕಗಳು ಕನ್ನಡದಲ್ಲಿ ಇಲ್ಲದ್ದರಿಂದ, ಕನ್ನಡ ಸಾಲೆಯಲ್ಲಿ ಅಕ್ಷರ ಕಲಿತವನೇ ತಿರುಗಿ ಮರಾಠಿ ಕಾದಂಬರಿಯ ಗಿರಾಕಿಯಾಗುತ್ತಿದ್ದನು.

ಇಂತಹ ಕಾಲದಲ್ಲಿ, 1869ನೆಯ ಇಸ್ವಿಯ ಜನೇವರಿ 5ರಂದು, ಆಗಿನ ಧಾರವಾಡ ಜಿಲ್ಲೆಯ ಹಾವೇರಿ ತಾಲೂಕಿನ ಗಳಗನಾಥವೆಂಬ ಹಳ್ಳಿಯಲ್ಲಿ ವೆಂಕಟೇಶ ತಿರಕೋ ಕುಲಕರ್ಣಿಯವರು ಹುಟ್ಟಿದರು. ವರದೆಯು ತುಂಗಭದ್ರೆಯನ್ನು ಕೂಡುವ ಸಂಗಮದ ಊರದು. ಹೊಳೆಯ ದಂಡೆಯಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿಯಿದೆ. ಅದರ ತಳವನ್ನು ಗೋಪುರದಂತೆ ಇಳಿಜಾರಾಗಿ ಕಲ್ಲಿನಿಂದ ಒತ್ತಿ ಕಟ್ಟಿರುವದರಿಂದ, ನೆರೆ ಬಂದರೂ ಜಗ್ಗದ ಭೀಮಕಾಯನಂತೆ ಅದು ಕಾಣುವದು. ಆ ದೇವರ ಹೆಸರು ಊರಿಗೆ, ಊರ ಹೆಸರು ಗ್ರಂಥಕರ್ತನಿಗೆ ಬಂದು, ವೆಂಕಟೇಶ ಕುಲಕರ್ಣಿ ಎಂಬ ಹೆಸರನ್ನು ಜನರು ಮರೆತೇಬಿಟ್ಟರು. ಆ ಊರಿನ ಮುಂದೆ ಹರಿದ ತುಂಗಭದ್ರೆಯೇ ಕೆಳಗೆ ಹೋಗಿ ಹಂಪೆಯ ಬಂಡೆಗಳ ನಡುವೆ ಹಾಯುತ್ತಾಳೆ. ಮುಂದೆ ಗಳಗನಾಥರು ಬರೆದ ಎರಡು ಮುಖ್ಯ ಗ್ರಂಥಗಳೂ ಆ ಹಂಪೆಯವೇ ಆದದ್ದರಿಂದ ಈ ಮಾತು ಇಲ್ಲಿ ಬಂದಿತು.

ಅವರ ವಿದ್ಯೆ ದೊಡ್ಡದೇನಲ್ಲ. ಕನ್ನಡ ಸಾಲೆಯ ಓದು, ಧಾರವಾಡದ ಟ್ರೇನಿಂಗ ಕಾಲೇಜು, ಆಮೇಲೆ ಹಳ್ಳಿಗಳಲ್ಲಿ ಮಾಸ್ತರಿಕೆ. ಇಂಗ್ಲಿಷ ವಿದ್ಯೆಯ ಪದವಿ ಅವರಿಗಿರಲಿಲ್ಲ; ಸ್ಕಾಟ ಮೊದಲಾದ ಆಂಗ್ಲ ಕಾದಂಬರೀಕಾರರ ರೀತಿಯು ಅವರಿಗೆ ದೊರೆತದ್ದು ಮರಾಠಿಯ ಕನ್ನಡಿಯಲ್ಲಿ. ಇದನ್ನು ಕೊರತೆಯೆಂದು ಎಣಿಸುವವರುಂಟು. ಆದರೆ ಕನ್ನಡ ಸಾಲೆಯ ಮಾಸ್ತರನಿಗೆ ಪದವೀಧರನಿಗಿಲ್ಲದ ಒಂದು ತಿಳುವಳಿಕೆಯಿರುವದು. ಯಾವ ವಾಕ್ಯವನ್ನು ಕೇಳಿದಾಗ ಮಕ್ಕಳು ಆಕಳಿಸುವರು, ಯಾವ ವಾಕ್ಯಕ್ಕೆ ಕಣ್ಣರಳಿಸುವರು ಎಂಬದನ್ನು ಅವನು ದಿನಾಲು ನೋಡುತ್ತಾನೆ. ಗಳಗನಾಥರ ಗದ್ಯವು ಈ ಅಭ್ಯಾಸದಿಂದ ಹುಟ್ಟಿದ್ದು.

1898ರಲ್ಲಿ ಅವರ ‘ಪ್ರಬುದ್ಧ ಪದ್ಮನಯನೆ’ಗೆ ವಿದ್ಯಾವರ್ಧಕ ಸಂಘದ ಬಹುಮಾನ ಬಂದಿತು. ಇದಕ್ಕೆ ಮುಂಚೆ 1892ರಲ್ಲಿ ಗದಗಕರರ ‘ಸೂರ್ಯಕಾಂತ’ವಿತ್ತು, ಅದಕ್ಕೂ ಮೊದಲು ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ಬಂಗಾಲಿ ಕಲಿತು 1885ರಲ್ಲಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಕನ್ನಡಿಸಿದ್ದರು. ಮರುವರ್ಷವೇ, 1899ರಲ್ಲಿ, ಮಂಗಳೂರ ಕಡೆಯ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಿದ್ದಿತು. ಗುಲ್ವಾಡಿಯವರದು ಕಣ್ಣೆದುರಿನ ಸಮಾಜವನ್ನೇ ಹಿಡಿದು ವಿಧವಾವಿವಾಹದಂತಹ ಪ್ರಶ್ನೆಯನ್ನೆತ್ತಿದ ಸ್ವತಂತ್ರ ಕೃತಿಯಾದದ್ದರಿಂದ, ಪಂಡಿತರು ಮೊದಲ ಸ್ಥಾನವನ್ನು ಅದಕ್ಕೆ ಕೊಡುವದು ನ್ಯಾಯವೇ ಸರಿ. ಹಾಗಾದರೆ ಗಳಗನಾಥರಿಗೆ ‘ಕಾದಂಬರೀ ಪಿತಾಮಹ’ನೆಂಬ ಬಿರುದು ಹೇಗೆ ಬಂದಿತು? ಪಿತಾಮಹನಾಗಲಿಕ್ಕೆ ಮೊದಲು ಹುಟ್ಟಿದರೆ ಸಾಲದು, ಸಂತತಿಯೂ ಬೆಳೆಯಬೇಕು. ವೆಂಕಟಾಚಾರ್ಯರಂತೆಯೇ ಗಳಗನಾಥರಿಗೂ ಆ ಸಂತತಿಯಿತ್ತು. ಅದು ಬರೆಯುವವರ ಸಂತತಿಗಿಂತ ಓದುವವರ ಸಂತತಿ.

ಹಿಂದಿಯಲ್ಲಿಯೂ ಇದೇ ಬಗೆಯ ಕಥೆ ನಡೆದಿದೆ. ಅಲ್ಲಿ ಮೊದಲನೆಯದೆಂದು ಗಣ್ಯವಾದದ್ದು ಲಾಲಾ ಶ್ರೀನಿವಾಸದಾಸರ ‘ಪರೀಕ್ಷಾಗುರು’, 1882ರದು. ಆದರೆ ಜನರನ್ನು ಹಿಂದೀ ಓದಿಗೆ ಎಳೆದದ್ದು ದೇವಕೀನಂದನ ಖತ್ರಿಯವರು 1888ರಿಂದ ಬೆಳಕಿಗೆ ತಂದ ‘ಚಂದ್ರಕಾಂತಾ’. ಆ ಮಾಯಾಜಾಲದ ಕಥೆಯನ್ನೋದುವ ಆಸೆಗೆ ಎಷ್ಟೋ ಉರ್ದೂ ಬಲ್ಲವರು ನಾಗರೀ ಅಕ್ಷರ ಕಲಿತರೆಂಬ ಮಾತು ಅಲ್ಲಿ ಮನೆಮಾತಾಗಿದೆ. ಮುಂದೆ ಕಾಶಿಯ ಬಳಿಯ ಲಮಹೀ ಗ್ರಾಮದ ಧನಪತರಾಯರು (1880–1936) ಪ್ರೇಮಚಂದರೆಂಬ ಹೆಸರಿನಿಂದ ಬರೆದರು. ಅವರೂ ಸಾಲೆಯ ಮಾಸ್ತರರೇ. 1921ರಲ್ಲಿ ಗಾಂಧೀಜಿಯವರ ಮಾತು ಕೇಳಿ ಸರಕಾರದ ನೌಕರಿಯನ್ನು ಬಿಟ್ಟರು. ಸ್ವಂತ ಛಾಪಖಾನೆಯನ್ನಿಟ್ಟು, 1930ರಲ್ಲಿ ‘ಹಂಸ’ವೆಂಬ ಮಾಸಪತ್ರಿಕೆಯನ್ನು ತೆಗೆದು, ಅದರ ಸಾಲದ ಹೊರೆಯನ್ನು ಕೊನೆಯವರೆಗೆ ಹೊತ್ತರು. ಪ್ರೇಮಚಂದರ ರೈತನೂ ಗಳಗನಾಥರ ರಾಜರಾಣಿಯರೂ ಬೇರೆ ಬೇರೆ ಲೋಕದವರು; ಕಲೆಯಲ್ಲಿ ಇಬ್ಬರನ್ನು ತೂಗುವದು ಸಲ್ಲದು. ಆದರೆ ಮಾಸ್ತರಿಕೆ ಬಿಟ್ಟು, ಮನೆತನದ ಹೆಸರನ್ನು ಬಿಟ್ಟು, ಪತ್ರಿಕೆಯ ನೊಗಕ್ಕೆ ಕುತ್ತಿಗೆ ಕೊಟ್ಟದ್ದರಲ್ಲಿ ಅವರಿಬ್ಬರೂ ಒಂದೇ ಸಾಲೆಯವರು. ಅವರಲ್ಲಿ ಗಳಗನಾಥರೇ ವಯಸ್ಸಿನಿಂದ ಹನ್ನೊಂದು ವರ್ಷ ಹಿರಿಯರು.

ಹಾವೇರಿಯ ಹತ್ತಿರದ ಅಗಡಿಯಲ್ಲಿ ಶೇಷಾಚಲ ಸದ್ಗುರುಗಳ ಆನಂದವನವಿದೆ. 1907ರಲ್ಲಿ ಅಲ್ಲಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಅದರ ಭಾರವನ್ನು ಗಳಗನಾಥರು ಹೊತ್ತರು. ಹೆಸರಿಗೆ ತಕ್ಕಂತೆ ಅದು ಸದ್ಬೋಧದ ಪತ್ರಿಕೆ. ವೇದಾಂತ, ಭಕ್ತಿ, ನೀತಿ ಇವೇ ಅದರ ಉದ್ದೇಶ. ಆದರೆ ಬರಿಯ ಬೋಧವನ್ನು ಎಷ್ಟು ಜನ ಹಣ ಕೊಟ್ಟು ತರಿಸುವರು? ಬೋಧದ ಬಗಲಿಗೆ ಕಾದಂಬರಿ ಬಂದಿತು. ಹಿರಿಯರು ಪತ್ರಿಕೆಯನ್ನು ಸದ್ಗುರುಗಳ ಪ್ರಸಾದವೆಂದು ಮನೆಯೊಳಗೆ ಬಿಟ್ಟುಕೊಂಡರು. ಕಿರಿಯರೂ ಹೆಣ್ಣುಮಕ್ಕಳೂ ಅದರೊಡನೆ ಬಂದ ಕಥೆಯನ್ನು ಹಿಡಿದು ದೇವರಮನೆಯ ಹೊಸ್ತಿಲ ಮೇಲೆ ಕುಳಿತರು. ಆ ಕಾಲದ ಸಭ್ಯಗೃಹಗಳಲ್ಲಿ ಕಾದಂಬರಿ ಓದುವ ಹುಡುಗಿಯು ಕೆಟ್ಟಳೆಂದೇ ತಿಳಿಯುತ್ತಿದ್ದರು. ಗಳಗನಾಥರ ಕಾದಂಬರಿಗೆ ಮಾತ್ರ ಆ ಶಂಕೆ ತಗಲಲಿಲ್ಲ. ಯಾಕಂದರೆ ಅದು ಬಂದದ್ದು ಆನಂದವನದಿಂದ. ಕನ್ನಡ ಕಾದಂಬರಿಯು ಗೃಹಪ್ರವೇಶ ಮಾಡಿದ್ದು ಹೀಗೆ ಗುರುವಿನ ಬೆನ್ನ ಹಿಂದೆ ನಿಂತು. ಪತ್ರಿಕೆಯ ವರ್ಗಣಿದಾರರು ಸಾವಿರಗಟ್ಟಲೆ ಬೆಳೆದರು. ಆ ದಿನಗಳ ಕನ್ನಡ ಪತ್ರಿಕೆಗಳಿಗೆ ಅದು ಕಂಡರಿಯದ ಭಾಗ್ಯ. ಮುಂದೆ ಅವರು ಅಗಡಿಯನ್ನು ಬಿಟ್ಟು ‘ಸದ್ಗುರು’ ಎಂಬ ಬೇರೆ ಮಾಸಪತ್ರಿಕೆಯನ್ನು ನಡಿಸಿದರು. ಪತ್ರಿಕೆ ಬೇರೆಯಾದರೂ ಬೋಧ ಮತ್ತು ಕಥೆ ಎಂಬ ಆ ಜೋಡಿ ಮುರಿಯಲಿಲ್ಲ.

ಇದೇ ಕಾಲದಲ್ಲಿ ಬಾಗಿಲುಕೋಟೆಯ ಕೆರೂರ ವಾಸುದೇವಾಚಾರ್ಯರೂ (1866–1921) ಬರೆಯುತ್ತಿದ್ದರು. ಅವರು ವಕೀಲರು; ಅವರ ‘ಇಂದಿರೆ’ಯು 1908ರದು; ನಗೆಯಲ್ಲಿಯೂ ಸಂಭಾಷಣೆಯ ಚುರುಕಿನಲ್ಲಿಯೂ ಗಳಗನಾಥರಿಗಿಂತ ಒಂದು ಕೈ ಮೇಲು. ಆದರೆ ಕೆರೂರರ ಪುಸ್ತಕವು ಪುಸ್ತಕದಂಗಡಿಯಲ್ಲಿ ಗಿರಾಕಿಯ ದಾರಿ ಕಾಯುತ್ತ ಕುಳಿತರೆ, ಗಳಗನಾಥರ ಪುಸ್ತಕವು ಗಿರಾಕಿಯ ಮನೆಯ ಕದ ತಟ್ಟುತ್ತಿತ್ತು.

ಕದ ತಟ್ಟುತ್ತಿತ್ತೆಂಬದು ಅಲಂಕಾರವಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಊರೂರು ಅಲೆದು ಮಾರಿದರೆಂಬದು ಉತ್ತರ ಕರ್ನಾಟಕದಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಆಗಿನ ಹಳ್ಳಿಗಳಲ್ಲಿ ಪುಸ್ತಕದಂಗಡಿ ಎಲ್ಲಿಯದು? ಜಾತ್ರೆಯಲ್ಲಿ ಪಂಚಾಂಗ, ಲಾವಣಿ, ಪಾರಿಜಾತದ ಪದಗಳು ಸಿಕ್ಕಾವು. ಐದುನೂರು ಪುಟದ ಕಾದಂಬರಿ ಸಿಗದು. ಸಿಕ್ಕರೂ ರೊಕ್ಕ ಕೊಟ್ಟು ಪುಸ್ತಕ ಕೊಳ್ಳುವದು ಗೃಹಸ್ಥನ ಖರ್ಚಿನ ಲೆಕ್ಕದಲ್ಲಿಯೇ ಇಲ್ಲ. ಜೋಳ ಕೊಳ್ಳಬೇಕು, ಅರಿವೆ ಕೊಳ್ಳಬೇಕು, ಪುಸ್ತಕವನ್ನು ಮಾತ್ರ ಎರವು ತರಬೇಕು. ಈ ನಡವಳಿಕೆ ಇನ್ನೂ ಪೂರ್ತಿ ಹೋಗಿಲ್ಲವೆಂದು ಎಲ್ಲ ಗ್ರಂಥಕರ್ತರೂ ಸಾಕ್ಷಿ ಹೇಳುವರು. ಅಂಥಲ್ಲಿ ಹೆಸರಾದ ಗ್ರಂಥಕರ್ತನೊಬ್ಬನು ಬಿಸಿಲಲ್ಲಿ ಗಂಟು ಹೊತ್ತು ಬಂದು ಕಟ್ಟೆಯ ಮೇಲೆ ಇಳಿಸಿ, ಇದು ಕನ್ನಡದ ಕಥೆ, ಓದಿ ನೋಡಿರಿ ಎನ್ನುವದನ್ನು ಊಹಿಸಿಕೊಳ್ಳಬೇಕು. ಬರೆದವನೂ ಅವನೇ, ಹೊರುವವನೂ ಅವನೇ, ಕೈಯೊಡ್ಡುವವನೂ ಅವನೇ. ಸರಸ್ವತಿಯು ಕವಿಯ ನಾಲಗೆಯ ಮೇಲೆ ನಿಲ್ಲುವಳೆಂದು ಶಾಸ್ತ್ರದಲ್ಲಿದೆ. ಅವಳು ಕವಿಯ ತಲೆಯ ಮೇಲೂ ಕುಳಿತು ಹಳ್ಳಿ ಸುತ್ತಿದ್ದು ಕನ್ನಡದಲ್ಲಿಯೇ ಇರಬೇಕು. ಇದರಲ್ಲಿ ಕೆಲವರು ಗ್ರಂಥಕರ್ತನ ದೈನ್ಯವನ್ನು ಕಂಡು ಮರುಗುತ್ತಾರೆ. ದೈನ್ಯವಿಲ್ಲವೆಂದಲ್ಲ. ಆದರೆ ಪುಣೆಯ ಮರಾಠಿ ಪುಸ್ತಕವು ರೇಲ್ವೆಯಿಂದಲೂ ಟಪಾಲಿನಿಂದಲೂ ಬರುತ್ತಿದ್ದಾಗ, ಕನ್ನಡ ಪುಸ್ತಕವು ಅದಕ್ಕೆ ಎದುರಾಗಿ ನಿಲ್ಲಬೇಕಾದರೆ ಯಾರಾದರೊಬ್ಬರು ನಡೆಯಲೇಬೇಕಾಗಿತ್ತು.

ಅವರು ಬರೆದ ಕಾದಂಬರಿಗಳು ಇಪ್ಪತ್ತಕ್ಕೆ ಮಿಕ್ಕಿವೆ. ‘ಕುಮುದಿನಿ’, ‘ಈಶ್ವರೀ ಸೂತ್ರ’, ‘ಕ್ಷಾತ್ರತೇಜ’, ‘ಮರಾಠರ ಅಭ್ಯುದಯ’ ಮೊದಲಾದವುಗಳ ಹೆಸರು ಹಿಂದಿನ ತಲೆಯ ವಾಚಕರ ನಾಲಗೆಯ ಮೇಲಿದ್ದವು. ಇವಲ್ಲದೆ ಪುರಾಣಕಥೆಗಳೂ ನಿಬಂಧಗಳೂ ಉಂಟು. ಈ ಕಾದಂಬರಿಗಳಲ್ಲಿ ಬಹುಭಾಗ ಮರಾಠಿಯಿಂದ ಬಂದವು. ಅದರಲ್ಲಿಯೂ ಹರಿ ನಾರಾಯಣ ಆಪಟೆಯವರಿಂದ (1864–1919) ಬಂದವು. ಇದೇ ಗಳಗನಾಥರ ಮೇಲೆ ಹೊರಿಸುವ ದೊಡ್ಡ ಆಕ್ಷೇಪಣೆ. ಕನ್ನಡವನ್ನು ಮರಾಠಿಯ ಹಿಡಿತದಿಂದ ಬಿಡಿಸಹೊರಟವರು ಮರಾಠಿಯ ಕಥೆಗಳನ್ನೇ ತಂದು ಉಣಬಡಿಸಿದರೆ, ಶಿವಾಜಿಯ ಶೌರ್ಯವನ್ನೇ ಕನ್ನಡದ ಹುಡುಗರಿಗೆ ಹಾಡಿದರೆ, ಬಿಡಿಸಿದ್ದೇನು? ಲಿಪಿಯೊಂದು ಬದಲಾಯಿತು, ಮನಸ್ಸು ಪುಣೆಯಲ್ಲಿಯೇ ಉಳಿಯಿತು ಎನ್ನುವರು.

ಈ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಅದನ್ನು ಮುಚ್ಚುವದರಿಂದ ಗಳಗನಾಥರ ಮಾನವೇನೂ ಹೆಚ್ಚದು. ‘ಮರಾಠರ ಅಭ್ಯುದಯ’ದಂತಹ ಗ್ರಂಥಗಳಲ್ಲಿ ಕಥೆಯ ಎದೆಬಡಿತವೇ ಮಹಾರಾಷ್ಟ್ರದ್ದು. ಆದರೆ ಭಾಷಾಂತರವನ್ನು ಹೀನವೆಂದು ನೋಡುವದು ಕನ್ನಡದ ಸಂಪ್ರದಾಯವಲ್ಲ. ಪಂಪನು ವ್ಯಾಸಭಾರತವನ್ನು ತೆಗೆದುಕೊಂಡು ಅರ್ಜುನನೊಳಗೆ ತನ್ನ ಅರಿಕೇಸರಿಯನ್ನಿಟ್ಟನು. ದುರ್ಗಸಿಂಹನು ವಸುಭಾಗಭಟ್ಟನ ಪಂಚತಂತ್ರವನ್ನು ಕನ್ನಡಿಸಿದನು. 1823ರಲ್ಲಿ ಕೆಂಪುನಾರಾಯಣನು ವಿಶಾಖದತ್ತನ ನಾಟಕದಿಂದ ‘ಮುದ್ರಾಮಂಜೂಷ’ವೆಂಬ ಗದ್ಯಕಥೆಯನ್ನು ಹೊರತೆಗೆದನು. ಯಾರಿಂದ ತಂದರೆಂಬದನ್ನು ಕನ್ನಡಿಗರು ಎಂದೂ ದೊಡ್ಡದು ಮಾಡಲಿಲ್ಲ. ತಂದು ಏನು ಮಾಡಿದರೆಂದು ಕೇಳಿದರು. ಗಳಗನಾಥರನ್ನೂ ಅದೇ ಪ್ರಶ್ನೆಯಿಂದ ಪರೀಕ್ಷಿಸಬೇಕು. ಅದಕ್ಕೆ ತಕ್ಕ ಗ್ರಂಥವು ‘ಕನ್ನಡಿಗರ ಕರ್ಮಕಥೆ’.

ಇದರ ಮೂಲ ಆಪಟೆಯವರ ‘ವಜ್ರಾಘಾತ’. ವಿಷಯ ವಿಜಯನಗರದ ಪತನ. 1565ನೆಯ ಇಸ್ವಿಯ ಜನೇವರಿ 23ರಂದು ಕೃಷ್ಣಾತೀರದ ರಕ್ಕಸಗಿ ತಂಗಡಗಿಯ ರಣದಲ್ಲಿ ದಕ್ಖಣದ ಸುಲ್ತಾನರು ಒಂದಾಗಿ ಅಳಿಯ ರಾಮರಾಜನನ್ನು ಕೊಂದರು. ಮುಂದೆ ತಿಂಗಳುಗಟ್ಟಲೆ ಹಂಪೆಯು ಹಾಳು ಸುರಿಯಿತು. ಇಷ್ಟು ಇತಿಹಾಸ. ಕಾದಂಬರಿಯಲ್ಲಿ ಇದರ ಕೆಳಗೆ ಇನ್ನೊಂದು ಕಥೆ ಹರಿಯುತ್ತದೆ. ರಾಮರಾಜನು ತರುಣನಿದ್ದಾಗ ಮೆಹರ್ಜಾನಳೆಂಬ ಮುಸಲ್ಮಾನ ಕನ್ಯೆಯನ್ನು ಪ್ರೀತಿಸಿ ಕೈಬಿಟ್ಟನು. ಅವಳಲ್ಲಿ ಹುಟ್ಟಿದ ರಣಮಸ್ತಖಾನನು ತನ್ನ ತಂದೆ ಯಾರೆಂಬದನ್ನರಿಯದೆ ವಿಜಾಪುರದ ಪಕ್ಷದಲ್ಲಿ ಬೆಳೆದು, ಆ ತಂದೆಯ ಎದುರಿಗೇ ಬಂದು ನಿಂತನು. ಇವರಿಬ್ಬರೂ ಇತಿಹಾಸದಲ್ಲಿಲ್ಲ. ಯುದ್ಧವಾದ ಎರಡು ವರ್ಷಕ್ಕೆ ಆ ಪಟ್ಟಣಕ್ಕೆ ಬಂದ ವೆನಿಸಿನ ಪ್ರವಾಸಿ ಸೀಸರ ಫ್ರೆಡರಿಕನು, ರಾಮರಾಜನ ಸೈನ್ಯದಲ್ಲಿದ್ದ ಇಬ್ಬರು ಮುಸಲ್ಮಾನ ಸರದಾರರು ರಣದಲ್ಲಿ ತಿರುಗಿಬಿದ್ದದ್ದೇ ಸೋಲಿಗೆ ಕಾರಣವೆಂದು ಬರೆದಿಟ್ಟಿದ್ದಾನೆ. ಕಲ್ಪನೆಗೆ ಅಷ್ಟು ಬೀಜ ಸಾಕಾಗಿದ್ದಿರಬಹುದು.

ಗಳಗನಾಥರು ಈ ಕಥೆಯನ್ನು ಬದಲಿಸಲಿಲ್ಲ; ಹೆಸರನ್ನು ಬದಲಿಸಿದರು. ಅವರ ಬುದ್ಧಿಯೆಲ್ಲ ಆ ಹೆಸರಿನಲ್ಲಿದೆ. ವಜ್ರಾಘಾತವೆಂದರೆ ಸಿಡಿಲ ಪೆಟ್ಟು. ಅದು ಮೇಲಿನಿಂದ, ಹೊರಗಿನಿಂದ ಬೀಳುವದು. ಪೆಟ್ಟು ತಿಂದವನ ತಪ್ಪೇನೂ ಇಲ್ಲ. ಕರ್ಮವು ಹೊರಗಿನಿಂದ ಬರುವದಿಲ್ಲ. ಮಾಡಿದವನೇ ಅದನ್ನು ಉಣ್ಣಬೇಕು. ಆಪಟೆಯವರಿಗೆ ವಿಜಯನಗರದ ನಾಶವು ನೆರೆಯವರ ಮನೆಯ ಮೇಲೆ ಬಿದ್ದ ಸಿಡಿಲು; ಅದನ್ನವರು ಸಹಾನುಭೂತಿಯಿಂದ ಬಣ್ಣಿಸಿದರು. ಗಳಗನಾಥರಿಗೆ ಅದು ತಮ್ಮ ಮನೆಯದೇ. ಆದದ್ದರಿಂದ ಸಿಡಿಲನ್ನು ದೂರುವ ಅಧಿಕಾರವನ್ನು ಅವರು ಕನ್ನಡಿಗರಿಗೆ ಕೊಡಲಿಲ್ಲ. ಕನ್ನಡದ ಆಡುಮಾತಿನಲ್ಲಿ ಕರ್ಮಕ್ಕೆ ಎರಡು ಮುಖ: ಅಯ್ಯೋ ನಮ್ಮ ಕರ್ಮವೇ ಎಂದು ಹಣೆ ಬಡಿದುಕೊಳ್ಳುವಾಗ ಅದು ದುರ್ದೈವ, ಶಾಸ್ತ್ರದ ಮಾತಿನಲ್ಲಿ ಅದು ತಾನೇ ಮಾಡಿದ ಕೃತ್ಯ. ಪುಸ್ತಕವನ್ನು ಕೈಗೆತ್ತಿಕೊಂಡ ವಾಚಕನು ಮೊದಲನೆಯ ಅರ್ಥವನ್ನು ಹಿಡಿದು ಕಣ್ಣೀರಿಡಲು ಕೂಡುತ್ತಾನೆ. ಮುಗಿಸಿದಾಗ ಎರಡನೆಯ ಅರ್ಥವು ಅವನ ಎದೆಯಲ್ಲಿ ನಾಟಿರುತ್ತದೆ. ಒಬ್ಬ ಆಳರಸನು ಯೌವನದಲ್ಲಿ ಅಬಲೆಯೊಬ್ಬಳಿಗೆ ಮಾಡಿದ ಅನ್ಯಾಯವು ರಾಜ್ಯವನ್ನೇ ನುಂಗಿತೆಂಬದು ಇತಿಹಾಸಜ್ಞರಿಗೆ ನಗೆ ತಂದೀತು. ಸಾಮ್ರಾಜ್ಯಗಳು ಬೀಳುವದಕ್ಕೆ ಸೈನ್ಯ, ತೋಪು, ಬೊಕ್ಕಸ, ಸಂಧಿವಿಗ್ರಹ ಎಂದು ಬೇರೆ ಕಾರಣಗಳುಂಟು. ಆದರೆ 1900ರಲ್ಲಿ ಸೀವೆಲ್ ಸಾಹೇಬರ ಇಂಗ್ಲಿಷ ಗ್ರಂಥದಿಂದ ಪಂಡಿತರಷ್ಟೇ ತಿಳಿದಿದ್ದ ಹಂಪೆಯು, ಈ ಕಾದಂಬರಿಯಿಂದ ಹಳ್ಳಿಯ ಹೆಣ್ಣುಮಗಳ ದುಃಖವಾಯಿತು. ತಾನು ಕನ್ನಡಿಗಳು, ಆ ಹಾಳು ತನ್ನ ಹಾಳು ಎಂಬದು ಅವಳಿಗೆ ಇದಕ್ಕೆ ಮೊದಲು ಯಾರೂ ಹೇಳಿರಲಿಲ್ಲ. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದರು, ಅವರ ಭಾಷಣಗಳನ್ನು ಕೇಳಲು ಸಭೆ ಕೂಡಿದ ಜನರಲ್ಲಿ ಎಷ್ಟೋ ಮಂದಿ ಗಳಗನಾಥರ ಕಥೆಗೆ ಕಣ್ಣೀರಿಟ್ಟ ಮನೆಗಳಿಂದ ಬಂದಿರಬೇಕು.

ಪತನದ ಕಥೆಯನ್ನು ಎರವು ತಂದವರು ಉದಯದ ಕಥೆಯನ್ನು ಮಾತ್ರ ತಮ್ಮ ಕೈಯಿಂದಲೇ ಬರೆದರು. ಅದು 1923ರ ‘ಮಾಧವ ಕರುಣಾವಿಲಾಸ’. 1336ರಲ್ಲಿ ಹರಿಹರ ಬುಕ್ಕರು ವಿದ್ಯಾರಣ್ಯರ ಅನುಗ್ರಹದಿಂದ ವಿಜಯನಗರವನ್ನು ಸ್ಥಾಪಿಸಿದರೆಂಬ ಪರಂಪರೆಯೇ ಅದರ ಬೆನ್ನೆಲುಬು. ಪಾಠಶಾಲೆಯ ವಿದ್ಯಾರ್ಥಿಗೆ ವಿದ್ಯಾರಣ್ಯರು ಪಂಚದಶಿಯ ಕರ್ತೃ. ಮಾಧವಾಚಾರ್ಯರೆಂದರೆ ಪರಾಶರಮಾಧವೀಯದ ನಿಬಂಧಕಾರರು, ವೇದಭಾಷ್ಯ ಬರೆದ ಸಾಯಣರ ಅಣ್ಣಂದಿರು. ಮಾಧವರೂ ವಿದ್ಯಾರಣ್ಯರೂ ಒಬ್ಬರೇ ಎಂಬದರಲ್ಲಿ ಪಂಡಿತರಿಗೆ ಏಕಮತವಿಲ್ಲ. ರಾಜ್ಯಸ್ಥಾಪನೆಯಲ್ಲಿ ಯತಿಗಳ ಕೈವಾಡವೆಷ್ಟೆಂಬದನ್ನು ಕುರಿತು ಈಚಿನ ಇತಿಹಾಸಕಾರರು ಬಲವಾದ ಸಂಶಯಗಳನ್ನೆತ್ತಿದ್ದಾರೆ. ಗಳಗನಾಥರು ಆ ವಾದದಲ್ಲಿ ತೊಡಗಲಿಲ್ಲ. ಭಾಷ್ಯಪಂಕ್ತಿಗಳೊಳಗಿನ ಸಂನ್ಯಾಸಿಯನ್ನು ಹೊರಗೆ ಕರೆತಂದು, ಊರುಗಳು ಉರಿಯುವ ಕಾಲದಲ್ಲಿ ಅವನ ಕರುಣೆಯು ಏನು ಮಾಡಬಹುದಾಗಿತ್ತೆಂದು ಯೋಚಿಸಿದರು. ಗ್ರಂಥವು ಬಹು ದೊಡ್ಡದು. ನಡುನಡುವೆ ಬೋಧವು ಕಥೆಯ ದಾರಿಗೆ ಅಡ್ಡ ಬೀಳುವದು. ಆದರೂ ಕನ್ನಡದ ಸ್ವತಂತ್ರ ಐತಿಹಾಸಿಕ ಕಾದಂಬರಿಯು ನೆಲಕ್ಕೆ ಕಾಲೂರಿದ್ದು ಇದರಲ್ಲಿ. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವವನ್ನು ಕನ್ನಡಿಗರು ನಡಿಸಿ ಸ್ಮಾರಕಗ್ರಂಥವನ್ನು ಧಾರವಾಡದಿಂದ ಪ್ರಕಟಿಸಿದಾಗ, ಗಳಗನಾಥರಿಗೆ ಅರುವತ್ತೇಳು ವರ್ಷ.

ದೋಷಗಳನ್ನೂ ಹೇಳಬೇಕು. ಅವರ ನಾಯಿಕೆಯರು ಬಹುತೇಕ ಪತಿವ್ರತೆಯರ ಪಡಿಯಚ್ಚು. ‘ಇಂದಿರಾಬಾಯಿ’ಯು ತನ್ನ ಕಾಲವನ್ನು ಪ್ರಶ್ನಿಸಿದಂತೆ ಅವರಾರೂ ಪ್ರಶ್ನಿಸುವದಿಲ್ಲ. ದುಷ್ಟನು ಬಂದ ಕೂಡಲೆ ಗುರುತು ಸಿಕ್ಕುಬಿಡುವದು. ಮರಾಠಿ ಐತಿಹಾಸಿಕ ಕಾದಂಬರಿಯೊಡನೆ ಬಂದ ಯವನದ್ವೇಷದ ಕಿಲುಬನ್ನು ತೊಳೆಯುವ ಪ್ರಯತ್ನ ಎಲ್ಲ ಕಡೆಗೂ ಆಗಿಲ್ಲ. ಮೆಹರ್ಜಾನಳ ದುಃಖವನ್ನು ಬರೆದ ಲೇಖಣಿಯು ಬೇರೆಡೆಗಳಲ್ಲಿ ಅಷ್ಟು ಉದಾರವಾಗಿಲ್ಲವೆಂಬದು ಈಗಿನ ವಾಚಕನಿಗೆ ಚುಚ್ಚುವದು. ವಾಕ್ಯಗಳಲ್ಲ ಉದ್ದ, ಉಪದೇಶಗಳು ಉದ್ದ. ಅಧ್ಯಾಯದ ಬಾಯಲ್ಲಿ ನಿಂತು ವಾಚಕನ ಕೈಹಿಡಿದು ನೀತಿ ಹೇಳಿಯೇ ಒಳಗೆ ಬಿಡುವದು ಮಾಸ್ತರರ ಚಾಳಿ. ಆದರೆ ಗದ್ಯದ ಮಾತು ಬೇರೆ. ಹಳಗನ್ನಡದ ಪ್ರೌಢಿಮೆಯನ್ನು ಬಲ್ಲವರೂ ಹಳ್ಳಿಯ ಆಡುಮಾತನ್ನು ಬಲ್ಲವರೂ ಒಟ್ಟಿಗೆ ಕುಳಿತು ಕೇಳಬಹುದಾದ ತಿಳಿಯಾದ ಗದ್ಯ ಉತ್ತರ ಕರ್ನಾಟಕಕ್ಕೆ ಅವರಿಂದ ಬಂದಿತು. ಒಬ್ಬರು ಓದಿ ಹತ್ತು ಮಂದಿ ಕೇಳುವ ಕಾಲವದು. ಆ ವಾಕ್ಯಗಳನ್ನು ಗಟ್ಟಿಯಾಗಿ ಓದಿದರೆ ಈಗಲೂ ಉಸಿರು ಎಲ್ಲಿಯೂ ಕಟ್ಟುವದಿಲ್ಲ.

1942ರ ಎಪ್ರಿಲ್ 22ರಂದು ಗಳಗನಾಥರು ತೀರಿಕೊಂಡರು. ಅಷ್ಟರಲ್ಲಿ ಕನ್ನಡ ಕಾದಂಬರಿಯ ಕೈ ಬದಲಾಗಿತ್ತು. ಕೋಟದ ಶಿವರಾಮ ಕಾರಂತರ ‘ಚೋಮನ ದುಡಿ’ ಹೊರಬಂದು, ರಾಜರಾಣಿಯರ ಸ್ಥಾನಕ್ಕೆ ಹೊಲವಿಲ್ಲದ ಹೊಲೆಯನು ಬಂದಿದ್ದನು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು ಧಾರವಾಡದಲ್ಲಿ 1938ರಿಂದ ‘ಜಯಂತಿ’ ಮಾಸಪತ್ರಿಕೆಯನ್ನು ನಡಿಸುತ್ತಿದ್ದರು. ಆನಂದಕಂದರೆಂಬ ಹೆಸರಿನಿಂದ ಅವರು ಬರೆದ ‘ರಾಜಯೋಗಿ’, ‘ಅಶಾಂತಿಪರ್ವ’ ಮೊದಲಾದ ಐತಿಹಾಸಿಕ ಕಾದಂಬರಿಗಳಲ್ಲಿ ಗಳಗನಾಥರ ದಾರಿಯೇ ಹೆಚ್ಚು ಹದವಾಗಿ, ಉಪದೇಶ ಕಡಿಮೆಯಾಗಿ ಮುಂದುವರಿಯಿತು. ಅದೇ ತಾಲೂಕಿನ ಮಲಾಮರಡಿಯಿಂದ ಬಸವರಾಜ ಕಟ್ಟೀಮನಿಯವರು (1919–1989) ಬಂದು ಮಠ, ಮಾನ, ಮಡಿಗಳನ್ನೆಲ್ಲ ಕೆಣಕುವ ಕಾದಂಬರಿಗಳನ್ನು ಬರೆದರು. ಗೋಕಾಕದಲ್ಲಿ ಮಾಸ್ತರಿಕೆ ಮಾಡುತ್ತ ಕೃಷ್ಣಮೂರ್ತಿ ಪುರಾಣಿಕರು (1911–1985) ಮನೆಮನೆಯ ಹೆಣ್ಣುಮಕ್ಕಳು ಓದುವ ಸಾಂಸಾರಿಕ ಕಾದಂಬರಿಗಳನ್ನು ಬರೆದರು. ಒಮ್ಮೆ ಮರಾಠಿಯ ಬಾಗಿಲಲ್ಲಿ ನಿಂತಿದ್ದ ಒಂದೇ ತಾಲೂಕು ಕನ್ನಡಕ್ಕೆ ಈ ಮೂವರು ಕಾದಂಬರೀಕಾರರನ್ನು ಕೊಟ್ಟಿತು.

ಹಾವೇರಿಯು 1997ರಲ್ಲಿ ಬೇರೆ ಜಿಲ್ಲೆಯಾಯಿತು. 2023ರ ಜನೇವರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಎಂಬತ್ತಾರನೆಯ ಅಧಿವೇಶನವು ಅಲ್ಲಿ ಕೂಡಿತು. ಅದು 6ರಂದು ಆರಂಭವಾಯಿತು, ಗಳಗನಾಥರು ಹುಟ್ಟಿದ ದಿನದ ಮರುದಿನ. ಪುಸ್ತಕದ ಮಳಿಗೆಗಳು ಸಾಲಾಗಿ ಹಾಕಿದ್ದವು. ಕೊಳ್ಳುವವರು ತಾವಾಗಿಯೇ ನಡೆದು ಬಂದಿದ್ದರು.